ಉಜ್ಜಪ್ಪನನ್ನು ಕೂರಿಸಿದ್ದು

ಉಜ್ಜಪ್ಪನ ಹೆಣ ಎಡಕ್ಕೆ ವಾಲುತ್ತಿತ್ತು. ತಮ್ಮ ಚನ್ನೇಶ ಬೆನ್ನಿಗೆ ಇನ್ನೊಂದು ದಿಂಬು ತುರುಕಿ, ಎದೆಗೆ ಸುತ್ತಿದ ಪಂಚೆಯನ್ನು ಜಗಲಿಯ ಕಿಟಕಿ ಸರಳಿಗೆ ಬಿಗಿದ. ಹಣೆಗೆ ವಿಭೂತಿ, ತಲೆಗೆ ರುಮಾಲು, ಕೊರಳಿಗೆ ಹಾರ.

"ಮಲಗಿಸ್ರಿ ಅವರನ್ನ," ಎಂದಳು ಹೆಂಡತಿ ಬಸವಣ್ಣೆಮ್ಮ. "ಹಿಂಗೆ ಕುಂದ್ರಿಸಿದ್ರೆ ಜನ ನಗ್ತಾರೆ."

ದೊಡ್ಡಪ್ಪ ಶಾಂತವೀರಪ್ಪ ತಲೆ ಎತ್ತಲಿಲ್ಲ. "ನಮ್ಮಲ್ಲಿ ಮಲಗಿಸಿ ಕಳಿಸಿದ್ದು ಎಲ್ಲೈತವ್ವ? ಕುಂತೇ ಹೋಗ್ಬೇಕು."

ಇವತ್ತೊಂದು ದಿನ ಯಾರೂ ನಗದಿದ್ದರೆ ಅವಳಿಗೆ ಸಾಕಿತ್ತು. ಅಂಗಳದಲ್ಲಿ ಮಗಳು ಗಂಗಾಶ್ರೀಯ ಜೊತೆ ಸೊರಬದಿಂದ ಬಂದ ಬೀಗರು ಟವೆಲು, ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದರು. ದೂರದಿಂದ ನೋಡಿದವರು ಅಳುತ್ತಿದ್ದಾರೆ ಎಂದುಕೊಳ್ಳಬೇಕು. ಬಸವಣ್ಣೆಮ್ಮ ಹತ್ತಿರವೇ ಇದ್ದಳು.

*

ಏಳು ವರ್ಷದ ಹಿಂದೆ, ತೊಂಬತ್ತೊಂದರಲ್ಲಿ, ಶಿವಮೊಗ್ಗದ ನಾಲ್ವರು ಹುಡುಗರು ಉಜ್ಜಪ್ಪನ ಊರು ತೊಗರ್ಸಿಗೆ ಕ್ಯಾಮೆರಾ ತಂದು ಒಂದು ನಗೆಚಿತ್ರ ತೆಗೆದರು. ಹೆಣವಾಗಿ ಕೂರಲು ಯಾರೂ ಒಪ್ಪಲಿಲ್ಲ. ಹಿಟ್ಟಿನ ಗಿರಣಿಯ ಉಜ್ಜಪ್ಪ ಒಪ್ಪಿದ. ಸುತ್ತ ಕೂತವರೆಲ್ಲ ಚಾ ಕುಡಿಯುವಾಗ ಹೆಣ ಕಣ್ಣು ಬಿಟ್ಟು ಕೇಳುತ್ತದೆ: "ನನಗೊಂದು ಚಾ ಇಲ್ಲೇನ್ರೀ?"

ಟಾಕೀಸಿನಲ್ಲಿ ಅದು ಮೂರೇ ದಿನ ಓಡಿತು. ಆಮೇಲೆ ಕ್ಯಾಸೆಟ್ಟು ಬಂತು. ಶಿಕಾರಿಪುರ, ಸೊರಬ ಎರಡೂ ಕಡೆ ಮದುವೆ ಮನೆಗೆ ವಿಸಿಆರ್ ತಂದರೆ ಮೊದಲು ಅದನ್ನೇ ಹಾಕುವರು. ಗಿರಣಿಗೆ ಬಂದವರು ಜೋಳ ಸುರಿಯುವ ಮುಂಚೆ ಆ ಮಾತು ಹೇಳಿಸುವರು. ಒಲ್ಲೆನೆಂದರೆ ಅದಕ್ಕೂ ನಗುವರು. ಗಂಗಾಶ್ರೀಗೆ ಗಂಡು ನೋಡಲು ಸೊರಬಕ್ಕೆ ಹೋದಾಗ, ಬೀಗರಾಗುವವರು ಅವನನ್ನು ಗೋಡೆಗೆ ಒರಗಿಸಿ ಕೂರಿಸಿ, ಒಂದು ಸಲ ಹೇಳಿಬಿಡಿ ಎಂದರು. ಹೇಳಿದ. ಬಿದ್ದು ಬಿದ್ದು ನಕ್ಕರು. ಸಂಬಂಧ ಕುದುರಿತು.

ವಾಪಸು ಬರುವ ಬಸ್ಸಿನಲ್ಲಿ ಅವನು ಹೆಂಡತಿಗೆ ಆಡಿದ್ದು ಒಂದೇ ಮಾತು. "ಅವತ್ತು ಕುಂತೋನು ನಾನು, ಇನ್ನೂ ಎದ್ದು ಬರಾಕಾಗಿಲ್ಲ ನೋಡು."

*

ಪಕ್ಕದ ಮನೆಯ ಹಾಲಮ್ಮ, ದೂರದಿಂದ ಬಂದವರಿಗೆಂದು ಚಾ ಮಾಡಿ ತಂದಳು. ಪಾಪ, ಅವಳಿಗೆ ಆ ಚಿತ್ರದ ನೆನಪೇ ಇರಲಿಲ್ಲ. ಲೋಟ ಹಿಡಿದವರು ಯಾರೂ ಬಾಯಿಗಿಡಲಿಲ್ಲ. ಹಿಂದೆ ಒಬ್ಬ ಏನೋ ಪಿಸುಗುಟ್ಟಿದ. ನಗು ಸಾಲಿನಿಂದ ಸಾಲಿಗೆ ದಾಟಿತು. ಸುಮ್ಮನಿರಿ ಎಂದು ಗದರಿದ ಶಾಂತವೀರಪ್ಪನ ಹೆಗಲೂ ಕುಲುಕುತ್ತಿತ್ತು. ಗಂಗಾಶ್ರೀ ಒಳಗೆ ಓಡಿದಳು.

ಬಸವಣ್ಣೆಮ್ಮ ಎದ್ದು, ಗಂಡನ ಮುಖ ಮುಚ್ಚಿಬಿಡಲು ಬಿಳಿ ಬಟ್ಟೆ ಬಿಚ್ಚಿದಳು. ಅಂಗಳ ಒಮ್ಮೆಗೇ ಸ್ತಬ್ಧವಾಯಿತು. ಎಲ್ಲರ ಕಣ್ಣೂ ಅವನ ತುಟಿಯ ಮೇಲಿತ್ತು. ಬಟ್ಟೆ ಹಿಡಿದ ಅವಳ ಕೈ ಮುಂದೆ ಹೋಗಲಿಲ್ಲ. ಎಲ್ಲರಂತೆ ಅವಳೂ ಆ ತುಟಿಗಳನ್ನೇ ನೋಡುತ್ತ ನಿಂತಳು. ಲೋಟಗಳಲ್ಲಿ ಚಾ ಕೆನೆಗಟ್ಟುತ್ತಿತ್ತು.