ಸಂಬಳವಿಲ್ಲದ ಉದ್ಯೋಗಸ್ಥೆ

ಮೊಕ್ಪೊ ಬಂದರಿನ ಮೀನುಪೇಟೆಯ ಹಿಂದೆ ಪುಲ್ಲೆ ಅಜ್ಜಿಯ ಆಕ್ಟೋಪಸ್ ಗಂಜಿಯ ಅಂಗಡಿ. ಸೊಸೆ ಹ್ಯೇಸೂಕ್ ಮದುವೆಯಾಗಿ ಬಂದ ಮರುವಾರವೇ ಅದರ ಅಡುಗೆಮನೆ ಹೊಕ್ಕವಳು. ಗಂಡ ದೂರದ ಹಡಗು ಕಾರ್ಖಾನೆ ಸೇರಿ ಹಬ್ಬಕ್ಕಷ್ಟೇ ಬರುವಂತಾದ ಮೇಲೂ ಅಲ್ಲೇ ಉಳಿದಳು.

ಸರ್ಕಾರದ ಉದ್ಯೋಗ ಸಮೀಕ್ಷೆಗೆ ಆ ಮನೆ ಆಯ್ಕೆಯಾಗಿತ್ತು. ತಿಂಗಳಿಗೊಮ್ಮೆ ನಾಮ್ ಮಿರಾನ್ ಎಂಬ ಹೆಂಗಸು ಪ್ರಶ್ನೆ ಕೇಳಲು ಬರುತ್ತಿದ್ದಳು. ಮೊದಲ ಸಲವೇ, ಸೊಸೆಗೇನು ಉದ್ಯೋಗ ಎಂದಾಗ ಅತ್ತೆ ನಕ್ಕುಬಿಟ್ಟಳು.

"ಅವಳಿಗೆಂಥ ಉದ್ಯೋಗ? ಮನೇಲಿರ್ತಾಳೆ, ಉಂಡ್ಕೊಂಡು."

ಹ್ಯೇಸೂಕ್ ಅಲ್ಲೇ ಉಪ್ಪು ಹಾಕಿ ಆಕ್ಟೋಪಸ್ ತಿಕ್ಕುತ್ತಿದ್ದಳು.

"ಹಾಗಾದ್ರೆ ಆ ಕೈ ಯಾರದಜ್ಜಿ?" ಎಂದಳು ಮಿರಾನ್. "ಮನೆಯವರ ಅಂಗಡೀಲಿ ಇಷ್ಟು ದುಡಿದ್ರೆ, ಸಂಬಳ ಇಲ್ದಿದ್ರೂ ನಮ್ಮ ಲೆಕ್ಕಕ್ಕೆ ಉದ್ಯೋಗಸ್ಥೆನೇ."

ಆ ಮಾತು ಹ್ಯೇಸೂಕಳ ಮನಸ್ಸಿನಲ್ಲಿ ಕೂತಿತು. ಹಲ್ಲುನೋವೆಂದು ಅತ್ತೆಗೆ ಸುಳ್ಳು ಹೇಳಿ, ಕಡಲಪಾಚಿ ಒಣಗಿಸುವ ಕಾರ್ಖಾನೆಗೆ ಕೆಲಸ ಕೇಳಲು ಹೋದಳು.

ಅತ್ತೆಯ ಅಂಗಡಿಯಲ್ಲಿ ದುಡಿದ ಅನುಭವವಿದೆ ಎಂದಾಗ ಮ್ಯಾನೇಜರ್ ಕಂಪ್ಯೂಟರ್ ನೋಡಿದ. "ಎಲ್ಲೂ ಸಂಬಳ ತಗೊಂಡಿಲ್ಲ, ಕೆಲಸದ ವಿಮೆ ಕಟ್ಟಿಲ್ಲ. ಅನುಭವ ಇದೆ ಅಂತ ಹೇಗೆ ನಂಬೋದು? ನಿಮ್ಮತ್ತೆ ಹತ್ರ ಬರೆಸ್ಕೊಂಡ್ ಬನ್ನಿ."

ಅತ್ತೆಯ ಹತ್ತಿರವೇ! ಮುಂದಿನ ತಿಂಗಳು ಮಿರಾನ್ ಬರುವುದನ್ನೇ ಕಾದು, ಬೀದಿಯಲ್ಲೇ ಅಡ್ಡಹಾಕಿದಳು.

"ಅಕ್ಕಾ, ನಾನು ಕೆಲಸದಲ್ಲಿದೀನಿ ಅಂತ ನೀವೇ ಬರ್ಕೊಂಡಿದೀರಲ್ಲ. ಅದನ್ನೇ ಒಂದು ಕಾಗದದಲ್ಲಿ ಕೊಡಿ."

ಮಿರಾನಳ ಮುಖ ಸಣ್ಣಗಾಯಿತು. "ಆಗಲ್ಲ ಕಣಮ್ಮ. ಯಾರ ಹೆಸರನ್ನೂ ಆಚೆ ಬಿಡೋ ಹಾಗಿಲ್ಲ. ಕಾನೂನು."

ಇಬ್ಬರೂ ಒಳಗೆ ಬಂದರು. ಅತ್ತೆ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದಳು. ಮಿರಾನ್ ತಗ್ಗಿದ ದನಿಯಲ್ಲಿ ತನ್ನ ಪ್ರಶ್ನೆಗಳನ್ನು ಕೇಳುತ್ತ ಹೋದಳು. "ಬೇರೆ ಕೆಲಸ ಏನಾದ್ರೂ ಹುಡುಕಿದ್ರಾ?"

ಹ್ಯೇಸೂಕ್ ಅತ್ತೆಯ ಕಡೆ ನೋಡಲಿಲ್ಲ. "ಹುಡುಕಿದೆ."

ಸುಲಿಯುವ ಕೈ ನಿಂತಿತು. ಬೈಗುಳಕ್ಕೆ ಹ್ಯೇಸೂಕ್ ಎದೆ ಗಟ್ಟಿಮಾಡಿಕೊಂಡಳು. ಮುದುಕಿ ಬೈಯಲಿಲ್ಲ.

"ನನ್ನ ಮಂಡಿ ಹೆಂಗಿದೆ, ನೀನೇ ನೋಡಿದೀಯ. ನೀನು ಹೋದ್ರೆ ಬಾಗಿಲು ಹಾಕೋದಷ್ಟೆ. ಹೋಗು ತಾಯಿ, ನಾನೇನು ಕಟ್ಟಿಹಾಕಿಲ್ಲ."

ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಅಷ್ಟರಲ್ಲಿ ದೋಣಿಯವರು ನಾಲ್ವರು ನುಗ್ಗಿಬಂದರು.

"ಅಜ್ಜೀ, ನಾಲ್ಕು ಗಂಜಿ! ಹೊಟ್ಟೆ ತಾಳ ಹಾಕ್ತಿದೆ!"

ಹ್ಯೇಸೂಕ್ ಎದ್ದು ಒಲೆಯ ಉರಿ ದೊಡ್ಡದು ಮಾಡಿದಳು. ಮುಂದಿಟ್ಟಿದ್ದ ಬಾರ್ಲಿ ಚಹಾ ಮುಟ್ಟದೆ ಮಿರಾನ್ ಹೊರಟುಹೋದಳು.

ಆಮೇಲೆ ಸಮೀಕ್ಷೆ ಬೇರೆ ಮನೆಗಳಿಗೆ ಹೋಯಿತು. ಕೆಲಸ ಹುಡುಕಿದೆಯಾ ಎಂದು ಹ್ಯೇಸೂಕಳನ್ನು ಕೇಳುವವರಿಲ್ಲ. ಕಾರ್ಖಾನೆಯ ಬಸ್ಸು ಬೆಳಿಗ್ಗೆ ಅಂಗಡಿಯ ಮುಂದೆಯೇ ಹಾದುಹೋಗುತ್ತದೆ. ಆ ಹೊತ್ತಿಗೆ ಅವಳು ಪಾತ್ರೆ ಎತ್ತಿಕೊಂಡು ಹಿತ್ತಲ ನಲ್ಲಿಯ ಬಳಿ ಹೋಗಿರುತ್ತಾಳೆ.