ಇಳಿದ ಶ್ರುತಿ

ನಾಗಭೂಷಣ್ ಹೊಸ ಡಿಜಿಟಲ್ ಕೀಬೋರ್ಡ್ ತಂದ ಮೇಲೆ ಶೈಲಾಗೆ ತನ್ನ ಕಿವಿಯ ಮೇಲೇ ಅನುಮಾನ ಶುರುವಾಯಿತು. ತನ್ನ ಮದುವೆಗೆ ಮುಂಚಿನಿಂದಲೂ ಅವಳು ಅವರ ಆರ್ಕೆಸ್ಟ್ರಾದ ಹಾಡುಗಾರ್ತಿ. ಇಷ್ಟು ವರ್ಷ ಪಕ್ಕದಲ್ಲಿದ್ದದ್ದು ಅವರ ಹಳೇ ಅನಲಾಗ್ ಸಿಂಥ್ ಕೀಬೋರ್ಡ್. ಆಗೆಲ್ಲ ಯಾರೂ ಒಂದು ಮಾತು ಆಡಿರಲಿಲ್ಲ. ಈಗ ಎರಡನೇ ಹಾಡು ಮುಗಿಯುವಷ್ಟರಲ್ಲಿ ಗಿಟಾರಿನ ಮಹದೇವ್ ತಲೆ ಕೆರೆದುಕೊಳ್ಳುತ್ತಾನೆ. "ಮೇಡಂ, ಶ್ರುತಿಯಿಂದ ಸ್ವಲ್ಪ ಇಳೀತಾ ಇದೀರ ಅನ್ಸುತ್ತೆ."

ಒಂದು ಭಾನುವಾರ ಹೊಸಹಳ್ಳಿಯ ನಾಗಭೂಷಣ್ ಮನೆಗೆ ಹೋಗಿ, "ಸಾರ್, ಹಳೇದನ್ನ ಒಂದ್ಸಲ ತೆಗೀತೀರಾ?" ಅಂದಳು.

ಅವರು ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೇ ಸ್ವರ ಒತ್ತಿದರು. ಎರಡೂ ಒಂದೇ. ಎರಡನ್ನೂ ಆನ್ ಮಾಡಿಟ್ಟೇ ಕಾಫಿ ಕುಡಿದು ಬಂದು ಮತ್ತೆ ಒತ್ತಿದಾಗ, ದನಿಗಳು ಕೂಡದೆ ಎರಡರ ನಡುವೆ ನಿಧಾನವಾಗಿ ಅಲೆಯೊಂದು ಏಳತೊಡಗಿತು. ಹಳೇದು ಇಳಿದಿತ್ತು.

"ಈ ಹಳೇದರೊಳಗೆ ಸ್ವರ ಹುಟ್ಟೋದು ಕರೆಂಟಿಂದ. ಮೈ ಬಿಸಿಯಾದ್ರೆ ಜಾರುತ್ತೆ. ಆ ಹೊಸದರಲ್ಲಿ ಲೆಕ್ಕದಿಂದ ಹುಟ್ಟುತ್ತೆ. ಲೆಕ್ಕಕ್ಕೆ ಸೆಖೆ ಆಗಲ್ಲ."

"ಅಂದ್ರೆ ಇಷ್ಟು ವರ್ಷ ನಾನು ತಪ್ಪು ಹಾಡಿದ್ದಾ?"

"ನೀನು ಇದರ ಜೊತೆ ಹಾಡಿದ್ದೀಯಮ್ಮ. ಮಹದೇವನೂ ಹಾಡು ಹಾಡಿಗೂ ಇದಕ್ಕೇ ತಂತಿ ಸರಿಮಾಡ್ಕೋತಿದ್ದ."

ಅದು ಸಮಾಧಾನವೋ ದೂರೋ ಅವಳಿಗೆ ತಿಳಿಯಲಿಲ್ಲ. ನಾಗಭೂಷಣ್ ಹೊಸದರಲ್ಲಿ ಹುಡುಕಿ ಏನೋ ಬದಲಾಯಿಸಿದರು. ಹಳೇ ಯಂತ್ರಗಳಂತೆ ಸ್ವರ ಜಾರಿಸುವ ಸೌಲಭ್ಯ ಅದರಲ್ಲೂ ಇತ್ತು. ಶೈಲಾ ಹಾಡಿದಳು. ದನಿ ಸಲೀಸಾಗಿ ಕೂತಿತು.

"ಇದಕ್ಕೂ ಈಗ ಬಿಸಿಯಾಯ್ತಾ ಸಾರ್?"

"ಇಲ್ಲ. ಇಳಿ ಅಂತ ಹೇಳಿದ್ದೀನಿ, ಇಳೀತಾ ಇದೆ."

ಅವಳಿಗೆ ಇನ್ನಷ್ಟು ಗೊಂದಲವಾಯಿತು. ಬೇಕೆಂದೇ ಹೇಳಿ ತಪ್ಪು ಮಾಡಿಸಿದರೆ ಅದು ತಪ್ಪೋ ಸರಿಯೋ?

ಅನ್ನಪೂರ್ಣೇಶ್ವರಿ ನಗರದ ಗಣೇಶನ ಪೆಂಡಾಲಿನಲ್ಲಿ ಅವಳು ಹೆದರುತ್ತಲೇ ಹಾಡಿದಳು. ಮೂರನೇ ಹಾಡಿನಲ್ಲಿ ದನಿ ಎಲ್ಲೋ ಕೆಳಗೆ ನಿಂತಂತೆ ಅನಿಸಿತು. ಸ್ವಲ್ಪ ಮೇಲಕ್ಕೆಳೆದಳು, ಆಗ ಅತಿಯಾಯಿತೇನೋ ಅನಿಸಿತು. ಜನ ಚಪ್ಪಾಳೆ ತಟ್ಟಿದರು. ಮಹದೇವ್ ಈ ಸಲ ತಲೆ ಕೆರೆದುಕೊಳ್ಳದೆ ಗಿಟಾರನ್ನು ಚೀಲಕ್ಕೆ ಹಾಕಿದ.

ವ್ಯಾನಿನಲ್ಲಿ ಕೂತ ಮೇಲೆ ಅವಳು ಕೇಳಿದಳು, "ಸಾರ್, ಇವತ್ತು ಆ ಜಾರೋದನ್ನ ಹಾಕಿದ್ರಲ್ಲ?"

"ಅಯ್ಯೋ, ಗಡಿಬಿಡೀಲಿ ಮರೆತೇಬಿಟ್ಟೆ ಕಣಮ್ಮ. ಯಾಕೆ, ತೊಂದ್ರೆ ಆಯ್ತಾ?"

"ಗೊತ್ತಿಲ್ಲ ಸಾರ್," ಅಂದಳು ಶೈಲಾ. ತಾನೇ ಸರಿಹೋದಳೋ, ಇಳಿದದ್ದು ಯಾರಿಗೂ ಕೇಳಿಸಲಿಲ್ಲವೋ, ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ.