ಹಿಮ್ಮಡಿಯ ಗಂಟು

ಬಾಗಿಲ ಬಳಿಯ ಚಪ್ಪಲಿ ರಾಶಿಯಲ್ಲಿ, ಮಾತೆತ್ತಿದರೆ 'ನಾನು ಸಿಂಹ' ಎನ್ನುವ ಡೈಲಾಗ್ ಚಿಕ್ಕಪ್ಪ ತನ್ನ ಎಡಗಾಲಿನ ಚಪ್ಪಲಿ ಹುಡುಕುತ್ತಿದ್ದ. ಅದು ಸಿಗುವ ಹಾಗಿರಲಿಲ್ಲ. ಕ್ಲಿನಿಕ್ಕಿನ ನರ್ಸಮ್ಮ ಅದನ್ನು ತನ್ನ ಕುರ್ಚಿಯ ಕೆಳಗೆ ತಳ್ಳಿ, ಮೇಲೆ ಕಾಲಿಟ್ಟು ಕೂತಿದ್ದಳು.

ಒಳಗೆ ಹಜಾರದಲ್ಲಿ ಅವನಿಗಿಂತ ಬಹಳ ದೊಡ್ಡವನಾದ ಅಣ್ಣ, ಕ್ಲಿನಿಕ್ಕಿನ ಕಾಂಪೌಂಡರ್, ಬಿಳಿ ಬಟ್ಟೆ ಹೊದ್ದು ಮಲಗಿದ್ದ. ತುಂಬು ವಯಸ್ಸು, ನಿದ್ದೆಯಲ್ಲೇ ಹೋದ ಜೀವ. ಹಾಗಾಗಿ ಅಳುವವರಿಗಿಂತ ಅವನ ಜೋಕು ನೆನೆಸಿಕೊಂಡು ನಗುವವರೇ ಜಾಸ್ತಿ.

"ಓಡಿಹೋಗೋ ಪ್ಲಾನಾ?" ಎಂದಳು ನರ್ಸಮ್ಮ.

"ಹೂವು ತರೋಕೆ ಹೊರಟೆ, ಸಿಸ್ಟರ್."

"ಹೂವು ಆಗ್ಲೇ ಬಂತು. ಕೈ ಚಾಚಿ, ರಕ್ತ ತಗೋಬೇಕು."

"ಅಣ್ಣನ್ನ ಕಳಿಸಿಕೊಡೋಕೆ ಬಂದೋನು ಕಣಮ್ಮ ನಾನು. ಹಿಂದೆನೇ ಹೋಗೋಕಲ್ಲ."

"ಅದಕ್ಕೇ ಚಾಚಿ ಅಂದಿದ್ದು."

ಅವನು ಬಗ್ಗಿದಾಗ ಹಿಮ್ಮಡಿಯ ನರದ ಮೇಲೆ ಅವರೆಕಾಳಿನಷ್ಟು ಗಂಟು ಅವಳಿಗೆ ಕಂಡಿತ್ತು. ಒಳಗೆ ಮಲಗಿದವನಿಗೂ ಒಂದು ಕಾಲದಲ್ಲಿ ಅದೇ ಗಂಟಿತ್ತು. ದುಡಿಯೋ ಕಾಲಿನ ಗುರುತು ಅನ್ನುತ್ತಿದ್ದರು ಮನೆಯವರು.

*

ವಯಸ್ಸಿನಲ್ಲಿ ಕಾಂಪೌಂಡರೂ ಹಾಗೇ ಅನ್ನುತ್ತಿದ್ದ. ವಂಶದ ಕಾಯಿಲೆ ಎಂದರೆ ಕ್ಲಿನಿಕ್ಕಿನಲ್ಲಿ ಎಲ್ಲರೂ ಕೈ ತೊಳೆದುಕೊಳ್ಳುತ್ತಿದ್ದ ಕಾಲ ಅದು: ದೊಡ್ಡಾಸ್ಪತ್ರೆಗೆ ಬರೆದುಕೊಡು, ಇಲ್ಲವೇ ಹಣೆಬರಹ ಅನ್ನು. ಡಾಕ್ಟರಮ್ಮ ಯಾವುದೋ ತರಬೇತಿ ಮುಗಿಸಿ ಬಂದವರು ಊಟದ ಹೊತ್ತಿನಲ್ಲಿ ಅವನ ಕಾಲನ್ನೇ ನೋಡಿದರು.

"ನಿಮ್ಮಪ್ಪ ಹೇಗೆ ಹೋದ್ರು?"

"ಎದೆ ಹಿಡ್ಕೊಂಡು. ತಾತನೂ ಅಷ್ಟೇ. ನಮ್ಮನೇಲಿ ಗಂಡಸರು ತಲೆ ಬೆಳ್ಳಗಾಗೋ ತನಕ ಕಾಯಲ್ಲ."

ರಕ್ತ ನೋಡಿದರು. ರಕ್ತದಲ್ಲಿ ಹುಟ್ಟಿನಿಂದಲೇ ಬಂದ ಕೊಬ್ಬು, ಗಂಟೂ ಅದರದ್ದೇ, ಎದೆಗೆ ಬರೋದೂ ಅದೇ, ದಿನಾ ಮಾತ್ರೆ ತಗೋಬೇಕು ಎಂದರು.

"ವಂಶದಲ್ಲೇ ಬಂದಿದ್ದಕ್ಕೆ ಮಾತ್ರೆ ಏನ್ ಮಾಡೀತು ಡಾಕ್ಟ್ರೇ? ಅಪ್ಪ ಬಿಟ್ಟುಹೋದ ಆಸ್ತಿ ಇದೊಂದೇ. ಇದನ್ನೂ ಕರಗಿಸ್ಲಾ?"

"ಕರಗಿಸಿ."

ಕರಗಿಸಿದ. ತಲೆ ಬೆಳ್ಳಗಾಯಿತು, ಆಮೇಲೆ ಬೋಳೂ ಆಯಿತು. ನಮ್ಮ ವಂಶದ ಮೊದಲ ಬೋಳ ನಾನು ಎಂದು ಮೆರೆದ. ಆದರೆ ಎಷ್ಟು ಕರೆದರೂ ಅವನ ಕಡೆಯವರು ಯಾರೂ ರಕ್ತ ಪರೀಕ್ಷೆಗೆ ಕ್ಲಿನಿಕ್ಕಿಗೆ ಬರಲಿಲ್ಲ.

"ನಾನು ಹೋದ ದಿನ ಎಲ್ರೂ ಬರ್ತಾರೆ. ಸೂಜಿ ಡಬ್ಬ ತಗೊಂಡ್ ಬಾರಮ್ಮ, ಒಬ್ಬರನ್ನೂ ಬಿಡಬೇಡ," ಎಂದಿದ್ದ ನರ್ಸಮ್ಮನಿಗೆ.

*

ಕಾಂಪೌಂಡರನ ಹೆಂಡತಿ ಹೊರಗೆ ಬಂದಳು.

"ಅತ್ತಿಗೆ, ಇವರಿಗೆ ಸ್ವಲ್ಪ ಹೇಳಿ," ಎಂದ ಚಿಕ್ಕಪ್ಪ.

"ಹೇಳಿದೀನಿ. ಮೊದಲು ನಿನ್ನನ್ನೇ ಹಿಡೀರಿ ಅಂತ."

ಅವನ ಡೈಲಾಗು ನಿಂತುಹೋಯಿತು. ದನಿ ತಗ್ಗಿಸಿದ. "ಇದೆ ಅಂತ ಬಂದ್ರೆ? ನನ್ನ ಬಿಡಿ. ಮಗಳಿಗೆ ಸಂಬಂಧ ನೋಡ್ತಿದೀವಿ. ವಂಶದಲ್ಲೇ ಕಾಯಿಲೆ ಅಂದ್ರೆ ಯಾರಮ್ಮ ಒಪ್ತಾರೆ?"

ನರ್ಸಮ್ಮ ಡಬ್ಬದಿಂದ ಹೊಸ ಸೂಜಿ ತೆಗೆದಳು.

"ನಂದು ಕೊಟ್ಟಾಯ್ತು ಅಪ್ಪ." ಕಿಟಕಿಯ ಹತ್ತಿರ ತೋಳು ಮಡಚಿ ನಿಂತಿದ್ದ ಮಗಳ ದನಿ. "ಬರೋರಿಗೆ ನಾನೇ ಹೇಳ್ಕೋತೀನಿ. ನೀನು ಮದುವೆಲಿ ಇರ್ತೀಯಾ, ಇಲ್ಲ ಗೋಡೆ ಮೇಲೆ ಫೋಟೋದಲ್ಲಿ ಇರ್ತೀಯಾ, ಅದು ಹೇಳು."

 ಚಿಕ್ಕಪ್ಪ ಬಂದು ನರ್ಸಮ್ಮನ ಎದುರಿನ ಕುರ್ಚಿಯಲ್ಲಿ ಕೂತು, ಮುಖ ಆ ಕಡೆ ತಿರುಗಿಸಿ, ತೋಳು ಚಾಚಿದ.

"ಮೆಲ್ಲಗೆ ಚುಚ್ಚಮ್ಮ. ನಾನು ಸಿಂಹ ಅನ್ನೋದೆಲ್ಲ ಬರೀ ಬಾಯಲ್ಲಿ."

ಮಧ್ಯಾಹ್ನ ಕಾಂಪೌಂಡರನನ್ನು ಎತ್ತಿದರು. ಮಗ, ತಮ್ಮ, ತಮ್ಮನ ಮಗಳು, ದೊಡ್ಡಪ್ಪನ ಮೊಮ್ಮಗ ಹೆಗಲು ಕೊಟ್ಟರು. ನಾಲ್ವರೂ ಒಂದು ಕೈಯಲ್ಲಿ ಅವನನ್ನು ಹಿಡಿದು, ಇನ್ನೊಂದನ್ನು ಮಡಚಿ ಎದೆಗೆ ಒತ್ತಿಕೊಂಡು ಬೀದಿಗಿಳಿದರು. ಮಡಚಿದ ಮೊಣಕೈಗಳ ಸಂದಿಯಿಂದ ಬೆಳ್ಳನೆಯ ಹತ್ತಿ ಇಣುಕುತ್ತಿತ್ತು.